‘ಇನ್ನೇನಾದ್ರೂ ಮಾಡಬಹುದಾ ಡಾಕ್ಟ್ರೇ?’

ಆಸ್ಪತ್ರೆಯ ಕಾರಿಡಾರಿನಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬೀಳುವ ಪ್ರಶ್ನೆ ಇದೇ ಇರಬೇಕು: “ಇನ್ನೇನಾದ್ರೂ ಮಾಡಬಹುದಾ ಡಾಕ್ಟ್ರೇ?” ನಮ್ಮ ಅಜ್ಜಿ ತಾತಂದಿರ ಕಾಲದಲ್ಲಿ ಇದಕ್ಕೆ “ಇಲ್ಲ” ಅನ್ನೋ ಉತ್ತರ ಬೇಗ ಬಂದುಬಿಡುತ್ತಿತ್ತು. ಈಗ ಬೆಂಗಳೂರಿನಂಥ ಊರಲ್ಲಿ, ಜೇಬಿನಲ್ಲಿ ಇನ್ಶೂರೆನ್ಸ್ ಕಾರ್ಡ್ ಇರುವವರಿಗೆ, ಬರುವ ಉತ್ತರ ಬಹುಮಟ್ಟಿಗೆ “ಮಾಡಬಹುದು” ಅಂತಲೇ. ಒಂದು ಕೀಮೋ ಕೆಲಸ ಮಾಡದಿದ್ದರೆ ಇನ್ನೊಂದು ಇದೆ. ಉಸಿರು ಸೋತರೆ ವೆಂಟಿಲೇಟರ್ ಇದೆ. ಕಿಡ್ನಿ ನಿಂತರೆ ಡಯಾಲಿಸಿಸ್ ಇದೆ. ನುಂಗೋಕಾಗದಿದ್ದರೆ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕುತ್ತಾರೆ. ಪ್ರತಿಯೊಂದಕ್ಕೂ ಒಂದು ಫಾರಂ, ಅದರ ಕೆಳಗೆ ನಮ್ಮದೊಂದು ಸಹಿ.

ಮಾಡೋದಕ್ಕೆ ಏನೋ ಒಂದು ಸದಾ ಇದ್ದೇ ಇರುವಾಗ, ನಿಲ್ಲಿಸುವ ಹೊತ್ತು ತಾನಾಗಿ ಬರುವುದಿಲ್ಲ. ಯಾರಾದರೂ ಆ ಮಾತು ಎತ್ತಬೇಕು. ಮನೆಯವರೇ ಹೇಳಲಿ ಅಂತ ವೈದ್ಯರು ಕಾಯುತ್ತಾರೆ, ವೈದ್ಯರೇ ಹೇಳಲಿ ಅಂತ ಮನೆಯವರು ಕಾಯುತ್ತಾರೆ. ಮಧ್ಯದಲ್ಲಿ ಮಲಗಿರುವವರನ್ನು ಕೇಳೋದು ಅಪರೂಪ. ಕಾಯಿಲೆ ವಾಸಿಮಾಡುವ ಪ್ರಯತ್ನ ಇಷ್ಟು ಸಾಕು, ಇನ್ನು ಇರುವಷ್ಟು ದಿನ ನೋವಿಲ್ಲದೆ ಇರಲಿ ಅಂತ ನಮ್ಮ ಅಪ್ಪನ ಬಗ್ಗೆ, ಅಮ್ಮನ ಬಗ್ಗೆ ಯೋಚಿಸಬೇಕಾದ್ದು ಯಾವಾಗ? ಹಾಗೆ ಯೋಚಿಸೋಕೆ ನಮಗೆ ಹಕ್ಕಾದರೂ ಇದೆಯಾ? ಆ ಬಗೆಯ ಆರೈಕೆಗೆ ಹಾಸ್ಪೈಸ್ ಅಂತ ಹೆಸರಿದೆ. ಹೆಸರು ಕೇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ತಲೆಗೆ ಬರುವ ಕನ್ನಡ ಪದ ಒಂದೇ, ‘ಕೈಬಿಡೋದು’.

ಈ ಭಯ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮೂರು ತಿಪಟೂರು ಕಡೆ. ಅಲ್ಲಿ “ಮನೆಗೆ ಕರ್ಕೊಂಡ್ ಹೋಗಿ ಅಂದ್ಬುಟ್ರಂತೆ” ಅನ್ನೋ ಮಾತಿಗೆ ಇರೋದು ಒಂದೇ ಅರ್ಥ. ನಾನು ಪಿಯುಸಿಯಲ್ಲಿದ್ದಾಗ ನಮ್ಮ ದೊಡ್ಡಪ್ಪನಿಗೆ ಗಂಟಲು ಕ್ಯಾನ್ಸರ್ ಆಗಿ, ದೊಡ್ಡಾಸ್ಪತ್ರೆಯೊಂದರಿಂದ ಹೀಗೇ ವಾಪಸ್ ಕಳಿಸಿದರು. ನಡುಮನೆಯಲ್ಲಿ ಮಂಚ ಹಾಕಿದರು. ಊರಿಗೆ ಊರೇ ಬಂದು ನೋಡಿಕೊಂಡು ಹೋಯಿತು. ಎಳನೀರು ತಂದುಕೊಟ್ಟವರು, ಕಾಲು ಒತ್ತಿದವರು, ರಾತ್ರಿ ಜೊತೆಗೆ ಮಲಗಿದವರು ಎಲ್ಲರೂ ಇದ್ದರು. ನೋವಿಗೆ ಮಾತ್ರ ಮೆಡಿಕಲ್ ಶಾಪಿನ ಬಿಳಿ ಮಾತ್ರೆ ಬಿಟ್ಟರೆ ಏನೂ ಇರಲಿಲ್ಲ. ಅವರ ನರಳಾಟ ಕೇಳಲಾರದೆ ದೊಡ್ಡಮ್ಮ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕೂತಿರುತ್ತಿದ್ದರು.

ದೊಡ್ಡಪ್ಪನನ್ನು ಮನೆಗೆ ಕರೆತಂದದ್ದು ಸರಿಯಾಗಿಯೇ ಇತ್ತು ಅಂತ ಇವತ್ತಿಗೂ ನನಗನ್ನಿಸುತ್ತೆ. ಅವರು ತಾವು ಕಟ್ಟಿಸಿದ ಮನೆಯಲ್ಲಿ, ತಮ್ಮ ತೋಟದ ತೆಂಗಿನ ಮರಗಳು ಕಿಟಕಿಯಿಂದ ಕಾಣುವ ಜಾಗದಲ್ಲಿ ಹೋದರು. ಅನ್ಯಾಯ ಆದದ್ದು ಅವರನ್ನು ಬರಿಗೈಯಲ್ಲಿ ಕಳಿಸಿದ್ದರಲ್ಲಿ. ಚಿಕಿತ್ಸೆ ನಿಲ್ಲಿಸೋದು ಬೇರೆ, ಆರೈಕೆ ನಿಲ್ಲಿಸೋದು ಬೇರೆ. ಹಳ್ಳಿಯಲ್ಲಿ ಎರಡೂ ಒಟ್ಟಿಗೇ ನಿಂತುಬಿಡುವುದನ್ನು ನೋಡಿ ಬೆಳೆದವರು ನಾವು. ಅದಕ್ಕೇ ಪಟ್ಟಣಕ್ಕೆ ಬಂದು ನಾಲ್ಕು ಕಾಸು ಮಾಡಿಕೊಂಡ ಮೇಲೆ, ನಮ್ಮ ಅಪ್ಪ ಅಮ್ಮನಿಗೆ ಹಾಗಾಗಲು ಬಿಡಲ್ಲ ಅಂತ ಹಟ ಹಿಡಿಯುತ್ತೇವೆ. ಹಟ ಒಳ್ಳೆಯದೇ. ಆದರೆ ಅದು ಎರಡನ್ನೂ ಒಟ್ಟಿಗೇ ಮುಂದುವರಿಸುವ ಹಟ ಆಗಿಬಿಡುತ್ತೆ. ವಾಸಿಯಾಗುವ ಆಸೆ ಮುಗಿದ ಮೇಲೂ ವಾಸಿಮಾಡುವ ಚಿಕಿತ್ಸೆ ಸಾಗುತ್ತಲೇ ಇರುತ್ತದೆ.

ಆಮೇಲೆ ಒಂದು ದಿನ ಅದೂ ಮುಗಿಯುತ್ತದೆ. ಹನ್ನೊಂದನೇ ದಿನದ ಊಟದ ಹೊತ್ತಿಗೆ ನೆಂಟರ ಮುಂದೆ ನಾವು ಹೇಳುವ ಮಾತು, “ಏನೂ ಕಮ್ಮಿ ಮಾಡ್ಲಿಲ್ಲ. ಐಸಿಯುನಲ್ಲಿ ಇಪ್ಪತ್ತು ದಿನ ಇಟ್ಟಿದ್ವಿ. ಎಲ್ಲಾ ಮಾಡಿದ್ವಿ.” ಈ ‘ಎಲ್ಲಾ ಮಾಡಿದ್ವಿ’ ಅನ್ನೋ ಮಾತನ್ನು ಒಂದು ಕ್ಷಣ ನಿಂತು ನೋಡಿ. ಅದನ್ನು ನಾವು ಹೇಳೋದು ಯಾರಿಗೆ? ಹೋದವರಿಗಂತೂ ಕೇಳಿಸಲ್ಲ. ಚಿಕ್ಕಪ್ಪನಿಗೆ, ಅಮೆರಿಕದಲ್ಲಿರುವ ಅಣ್ಣನಿಗೆ, ಪಕ್ಕದ ಮನೆಯವರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಗಾಜಿನ ಬಾಗಿಲ ಆಚೆ ಕೈಗೆ ಬಟ್ಟೆ ಕಟ್ಟಿಸಿಕೊಂಡು, ಬಾಯಲ್ಲಿ ಟ್ಯೂಬ್ ಇಟ್ಟುಕೊಂಡು, ದಿನಕ್ಕೆ ಎರಡು ಸಲ ಹತ್ತು ನಿಮಿಷ ಮಕ್ಕಳ ಮುಖ ನೋಡುತ್ತಿದ್ದವರ ಕಡೆಯಿಂದ ಆ ಇಪ್ಪತ್ತು ದಿನ ಹೇಗಿದ್ದವು ಅನ್ನೋದು ಆ ಮಾತಿನಲ್ಲಿ ಇರಲ್ಲ. ನಾವು ಚಿಕಿತ್ಸೆ ಕೊಡುತ್ತಿದ್ದದ್ದು ಅವರ ಕಾಯಿಲೆಗೋ ನಮ್ಮ ಭಯಕ್ಕೋ ಅನ್ನೋ ಪ್ರಶ್ನೆ ಅಲ್ಲಿಂದ ಹುಟ್ಟಬೇಕು.

ಬರಿಗೈಯಲ್ಲಿ ಮನೆಗೆ ಕಳಿಸೋದು, ಕೊನೆಯ ಉಸಿರಿನವರೆಗೂ ಮೆಷಿನ್ನಿಗೆ ಕಟ್ಟೋದು, ಇವೆರಡೇ ದಾರಿ ಇರೋದು ಅಂತ ನಂಬಿದವರಿಗೆ ಹಾಸ್ಪೈಸ್ ಮೂರನೆಯದು. ಮೊದಲು ಆ ಪದ ಬಳಕೆಯಲ್ಲಿದ್ದದ್ದು ದೂರ ಪ್ರಯಾಣ ಮಾಡುವವರು, ಯಾತ್ರಿಕರು ತಂಗುವ ಜಾಗಕ್ಕೆ. ನಮ್ಮ ಛತ್ರದ ಹಾಗೆ. ಈಗಿನ ಅರ್ಥ ಬಂದದ್ದು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅವರಿಂದ. ನರ್ಸ್ ಆಗಿ ಶುರುಮಾಡಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾದ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಸಾಯುವವರ ನೋವು ಬರೀ ದೇಹದ್ದಲ್ಲ, ಅದರಲ್ಲಿ ಮನಸ್ಸಿನದು, ಸಂಸಾರದ್ದು, ‘ನಾನು ಹೋದ ಮೇಲೆ ಇವರ ಗತಿಯೇನು’ ಅನ್ನೋ ಚಿಂತೆಯದು ಎಲ್ಲ ಸೇರಿರುತ್ತೆ ಅನ್ನೋದು ಅವರ ಮುಖ್ಯವಾದ ಮಾತು. ಭಾರತದ ಮೊದಲ ಹಾಸ್ಪೈಸ್, ಮುಂಬೈನ ಶಾಂತಿ ಅವೇದನಾ ಸದನ, ಶುರುವಾದದ್ದು 1986ರಲ್ಲಿ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇದೆ. ಮಾರತ್ತಹಳ್ಳಿಯ ಹತ್ತಿರ, ಹಳೆ ಏರ್‌ಪೋರ್ಟ್–ವರ್ತೂರು ರಸ್ತೆಯಲ್ಲಿ. ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ವೈಟ್‌ಫೀಲ್ಡ್ ಕಡೆಗೆ ಟ್ರಾಫಿಕ್‌ನಲ್ಲಿ ತೆವಳುವ ನಮ್ಮಂಥ ಎಷ್ಟು ಜನ, ಅದು ಏನು ಅಂತ ತಿಳಿಯದೆ ಅದರ ಮುಂದೆ ಹಾದುಹೋಗಿದ್ದೇವೋ.

ಹಾಸ್ಪೈಸ್ ಅಂದರೆ ಕಟ್ಟಡವೇ ಆಗಬೇಕಿಲ್ಲ. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಶುರುಮಾಡಿದ ಕೆಲಸ ಬೆಳೆದದ್ದು ಮನೆಮನೆಗೆ ಹೋಗಿ ಆರೈಕೆ ಮಾಡುವ ದಾರಿಯಲ್ಲಿ. ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ಕೈಜೋಡಿಸಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು. ನರ್ಸ್ ಮನೆಗೆ ಬರುತ್ತಾರೆ, ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಾರೆ, ಹಾಸಿಗೆ ಹುಣ್ಣಾಗದ ಹಾಗೆ ಹೇಗೆ ಮಗ್ಗುಲು ಬದಲಿಸಬೇಕು ಅಂತ ತೋರಿಸಿಕೊಡುತ್ತಾರೆ, ಉಸಿರಾಟ ಕಷ್ಟವಾದಾಗ ಏನು ಕೊಡಬೇಕು ಅಂತ ಹೇಳಿಕೊಡುತ್ತಾರೆ. ನೋವಿಗೆ ಮಾರ್ಫಿನ್ ಇರುತ್ತದೆ. ನಮ್ಮ ದೇಶದಲ್ಲೇ ಕಾನೂನುಬದ್ಧವಾಗಿ ಅಫೀಮು ಬೆಳೆಯುತ್ತಾರೆ. ಆದರೂ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ಅದರಿಂದ ಮಾಡುವ ಮಾರ್ಫಿನ್ ನಮ್ಮದೇ ರೋಗಿಗಳಿಗೆ ಸಿಗುವುದು ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸ್ವಲ್ಪ ಸಡಿಲಿಸಿತು. ದೊಡ್ಡಪ್ಪನ ವಿಷಯದಲ್ಲಿ ‘ಏನೂ ಮಾಡೋಕಾಗಲ್ಲ’ ಅಂದಾಗ ಮಾಡಬಹುದಾಗಿದ್ದದ್ದು ಇಷ್ಟೆಲ್ಲ ಇತ್ತು.

ಈಗ ‘ಯಾವಾಗ’ ಅನ್ನೋ ಪ್ರಶ್ನೆ. ಅಮೆರಿಕದಲ್ಲಿ ಸರ್ಕಾರಿ ವಿಮೆಯಿಂದ ಹಾಸ್ಪೈಸ್ ಸಿಗಬೇಕಾದರೆ, ಕಾಯಿಲೆ ತನ್ನ ಪಾಡಿಗೆ ಮುಂದುವರಿದರೆ ಆರು ತಿಂಗಳ ಆಯಸ್ಸು ಅಂತ ವೈದ್ಯರು ಬರೆದುಕೊಡಬೇಕು. ನಮ್ಮಲ್ಲೂ ಜನ ಇದನ್ನೇ ಕೇಳುತ್ತಾರೆ, “ಎಷ್ಟು ದಿನ ಡಾಕ್ಟ್ರೇ?” ಈ ಅಂಕಿಯ ಮೇಲೆ ಪೂರ್ತಿ ಭಾರ ಹಾಕೋದು ಕಷ್ಟ. ಶಿಕಾಗೋದಲ್ಲಿ 468 ಹಾಸ್ಪೈಸ್ ರೋಗಿಗಳ ಬಗ್ಗೆ ವೈದ್ಯರು ಮಾಡಿದ ಅಂದಾಜನ್ನು ನಿಜವಾಗಿ ಆದದ್ದರ ಜೊತೆ ಹೋಲಿಸಿ ನೋಡಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಸುಮಾರಾಗಿ ಸರಿ ಬಂದದ್ದು ಶೇ. 20 ಮಾತ್ರ. ತಪ್ಪಾದವುಗಳಲ್ಲಿ ಹೆಚ್ಚಿನವು ಇರುವುದಕ್ಕಿಂತ ಜಾಸ್ತಿ ಆಯಸ್ಸು ಹೇಳಿದ್ದವು. ರೋಗಿಯನ್ನು ಹೆಚ್ಚು ಕಾಲದಿಂದ ಬಲ್ಲ ವೈದ್ಯರ ಅಂದಾಜು ಇನ್ನೂ ದಾರಿ ತಪ್ಪಿತ್ತು. ವೈದ್ಯರೂ ಮನುಷ್ಯರೇ, ಹತ್ತಿರದವರ ಬಗ್ಗೆ ಕೆಟ್ಟದ್ದು ಹೇಳೋಕೆ ಅವರಿಗೂ ಬಾಯಿ ಬರಲ್ಲ.

ಅದಕ್ಕೇ ಈ ಕ್ಷೇತ್ರದ ವೈದ್ಯರು ಪ್ರಶ್ನೆಯನ್ನೇ ತಿರುಗಿಸಿಕೊಂಡಿದ್ದಾರೆ: “ಈ ರೋಗಿ ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತಾ?” ಆಗಲ್ಲ ಅನ್ನಿಸಿದರೆ ಮಾತು ಶುರುಮಾಡುವ ಕಾಲ ಬಂತು ಅಂತ. ಇದನ್ನು ನಾವೂ ನಿಮ್ಮ ವೈದ್ಯರಿಗೆ ಇದೇ ರೂಪದಲ್ಲಿ ಕೇಳಬಹುದು. ‘ಎಷ್ಟು ದಿನ’ ಅಂದರೆ ತಡವರಿಸುವವರು ಇದಕ್ಕೆ ನೇರವಾಗಿ ಉತ್ತರ ಕೊಡುವ ಸಾಧ್ಯತೆ ಹೆಚ್ಚು.

ಮನೆಯಲ್ಲಿ ಕಾಣುವ ಗುರುತುಗಳೂ ಇವೆ. ಒಂದು ಸಲ ಅಡ್ಮಿಟ್ ಆಗಿ ಬಂದವರು ಮೊದಲಿನ ಮಟ್ಟಕ್ಕೆ ಮರಳುವ ಮೊದಲೇ ಮತ್ತೆ ಅಡ್ಮಿಟ್ ಆಗುವುದು. ಎಚ್ಚರವಾಗಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುವುದು. ಬಟ್ಟೆ ಸಡಿಲವಾಗುತ್ತಲೇ ಹೋಗುವುದು. ಕೀಮೋ ಕೊಡೋಕೆ ಹೋದಾಗಲೆಲ್ಲ ರಕ್ತದ ರಿಪೋರ್ಟ್ ನೋಡಿ ಮುಂದಕ್ಕೆ ಹಾಕುವುದು. ಮರೆವಿನ ಕಾಯಿಲೆಯವರಾದರೆ ಮಾತು ನಾಲ್ಕೈದು ಪದಗಳಿಗೆ ಇಳಿಯುವುದು, ಊಟ ಗಂಟಲಿಗೆ ಹತ್ತಿಕೊಂಡು ಪದೇ ಪದೇ ನ್ಯುಮೋನಿಯಾ ಆಗುವುದು. ಒಂದೊಂದೇ ನೋಡಿದರೆ ಏನೂ ಹೇಳಲಾಗದು. ಎರಡು ಮೂರು ಸೇರಿ ಬರತೊಡಗಿದರೆ ದಾರಿ ಯಾವ ಕಡೆಗೆ ಅಂತ ಗೊತ್ತಾಗುತ್ತೆ. ಇದು ಕ್ಯಾನ್ಸರ್ ಒಂದರ ಮಾತಲ್ಲ. ಹೃದಯ, ಶ್ವಾಸಕೋಶ, ಕಿಡ್ನಿ ಸೋಲುತ್ತಾ ಬಂದವರಿಗೂ ಇದೇ ಲೆಕ್ಕ.

ಆದರೂ ಈ ಪಟ್ಟಿ ನೋಡಿಕೊಂಡು ನಿರ್ಧಾರ ಮಾಡಲಾಗದು ಅನ್ನೋದು ನನ್ನ ಅಭಿಪ್ರಾಯ. ಸಾಫ್ಟ್‌ವೇರ್‌ನವರಾದ ನಮಗೆ ಎಲ್ಲವೂ ಒಂದು ಟಿಕೆಟ್ಟು, ಬಗೆಹರಿಸಿ ಮುಚ್ಚಬೇಕಾದ್ದು. ಇಲ್ಲಿ ಬಗೆಹರಿಸುವ ಅಂಶ ಮುಗಿದ ಮೇಲೂ ಮನುಷ್ಯ ಉಳಿದಿರುತ್ತಾನೆ. ಆದ್ದರಿಂದ ‘ಇನ್ನೇನಾದ್ರೂ ಮಾಡಬಹುದಾ’ ಅನ್ನೋ ಪ್ರಶ್ನೆಯ ಜೊತೆಗೆ ಇನ್ನೊಂದನ್ನು ಸೇರಿಸಿ ಕೇಳಬೇಕು: “ಅದನ್ನು ಮಾಡಿದರೆ ಇವರಿಗೆ ಏನು ಸಿಗುತ್ತೆ?” ಮೂರು ವಾರ ಸಿಗುತ್ತೆ ಅಂದರೆ, ಆ ಮೂರು ವಾರ ಎಲ್ಲಿ, ಹೇಗೆ? ಎದ್ದು ಕೂತು ಕಾಫಿ ಕುಡಿಯುವ ಮೂರು ವಾರವೋ, ಪ್ರಜ್ಞೆಯೇ ಇಲ್ಲದ ಮೂರು ವಾರವೋ? ಚಿಕಿತ್ಸೆ ತೆಗೆದುಕೊಳ್ಳುವ ದಿನಗಳು, ಅದು ತಂದುಕೊಡುವ ಒಳ್ಳೆಯ ದಿನಗಳನ್ನೇ ತಿಂದುಹಾಕತೊಡಗಿದಾಗ, ಅದೇ ಆ ಹೊತ್ತು.

ಯಾವ ದಿನ ಒಳ್ಳೆಯದು ಅಂತ ಹೇಳಬೇಕಾದವರು ಯಾರು? ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಇಲ್ಲೇ. “ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳಲ್ಲ” ಅಂತ ಮಕ್ಕಳು ಬಾಗಿಲ ಹೊರಗೇ ವೈದ್ಯರ ಕೈ ಹಿಡಿದುಕೊಳ್ಳುತ್ತಾರೆ. ಒಳಗೆ ಹೋಗಿ “ಬರೀ ಗಡ್ಡೆ, ಔಷಧಿಗೆ ಕರಗುತ್ತೆ” ಅನ್ನುತ್ತಾರೆ. ಇದರ ಹಿಂದೆ ಪ್ರೀತಿ ಇಲ್ಲ ಅನ್ನೋಕಾಗಲ್ಲ. ನಮ್ಮಲ್ಲಿ ಕಾಯಿಲೆ ಬರುವುದು ಒಬ್ಬರಿಗಾದರೂ ನಿರ್ಧಾರ ಮಾಡುವುದು ಮನೆ. ಆ ಪದ್ಧತಿಯನ್ನು ನಾನು ಹೀಗಳೆಯಲ್ಲ. ಎಷ್ಟೋ ಹಿರಿಯರು “ನೀವೇ ನೋಡ್ಕೊಳ್ರಪ್ಪ” ಅಂತ ಮನಸಾರೆ ಮಕ್ಕಳಿಗೆ ಬಿಟ್ಟುಬಿಡುತ್ತಾರೆ, ಅದೂ ಅವರದೇ ಆಯ್ಕೆ. ಆದರೆ ಬಿಟ್ಟುಕೊಡುವುದಕ್ಕೂ ಕಿತ್ತುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಸುಳ್ಳು ಹೇಳಿದ ಮೇಲೆ ಅವರಿಗೆ ಏನು ಬೇಕು ಅಂತ ಕೇಳುವ ಬಾಗಿಲು ನಾವೇ ಮುಚ್ಚಿದ ಹಾಗೆ. ಜಮೀನಿನ ವಿಷಯ ಯಾರಿಗೋ ಹೇಳೋದಿರುತ್ತೆ, ಮಾತು ಬಿಟ್ಟಿರುವ ತಮ್ಮನನ್ನು ಒಂದು ಸಲ ನೋಡೋದಿರುತ್ತೆ. ಅದಕ್ಕೆಲ್ಲ ಸಮಯ ಇದೆ ಅಂತ ಅವರು ನಂಬಿರುತ್ತಾರೆ, ಯಾಕೆಂದರೆ ನಂಬಿಸಿದವರು ನಾವೇ.

ನಮ್ಮ ಟೀಮಿನ ಗೆಳೆಯನೊಬ್ಬನ ತಾಯಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇತ್ತು. ಮೂರನೇ ಕೀಮೋಗೆ ಮೊದಲು ಅವನು ಧೈರ್ಯ ಮಾಡಿ ಕೇಳಿದ, “ಅಮ್ಮ, ನಿಂಗೇನ್ ಅನ್ಸುತ್ತೆ?” ಆಕೆ ಅತ್ತರಂತೆ, ಆಮೇಲೆ ಸಮಾಧಾನವಾಗಿ ಹೇಳಿದರಂತೆ: “ನಂಗೆ ಗೊತ್ತಿತ್ತು ಕಣೋ. ನಿಮಗೆ ಗೊತ್ತಿಲ್ಲ ಅನ್ಕೊಂಡು ಸುಮ್ನಿದ್ದೆ.” ತಾಯಿ ಮಗ ಒಬ್ಬರಿಗೊಬ್ಬರು ತಿಂಗಳುಗಟ್ಟಲೆ ಅದೇ ವಿಷಯ ಬಚ್ಚಿಟ್ಟುಕೊಂಡಿದ್ದರು. ಆಕೆಗೆ ಬೇಕಾಗಿದ್ದದ್ದು ಮೊಮ್ಮಗಳ ನಾಮಕರಣದವರೆಗೆ ವಾಂತಿ ಇಲ್ಲದೆ ಇರೋದು. ಮೂರನೇ ಕೀಮೋ ಬೇಡ ಅಂದರು. ಮನೆಗೆ ನರ್ಸ್ ಬರತೊಡಗಿದರು. ನಾಮಕರಣದ ದಿನ ಆಕೆ ದಿಂಬಿಗೆ ಒರಗಿ ಕೂತು ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಇನ್ನೊಬ್ಬರಾಗಿದ್ದರೆ ಕೀಮೋವನ್ನೇ ಆರಿಸಿಕೊಳ್ಳುತ್ತಿದ್ದರೇನೋ. ಅದೂ ತಪ್ಪಲ್ಲ. ಕಷ್ಟಪಟ್ಟಾದರೂ ಇನ್ನೊಂದು ತಿಂಗಳು ಬೇಕು ಅನ್ನುವವರ ಆಸೆಯನ್ನು ‘ನಿಮಗೆ ಹಾಸ್ಪೈಸ್ ಒಳ್ಳೇದು’ ಅಂತ ಅದುಮೋದೂ ಒಂದು ಬಗೆಯ ಕಿತ್ತುಕೊಳ್ಳುವುದೇ.

ಇಲ್ಲಿ ಒಂದು ಅನುಮಾನ ಏಳಬೇಕು, ಏಳಲಿ. ‘ಸಾಕು’ ಅನ್ನುವುದು ನಿಜವಾಗಿ ಅವರ ಸಲುವಾಗಿಯೋ, ಅಥವಾ ನಮಗೆ ಸಾಕಾಗಿದೆಯೋ? ರಜೆ ಮುಗಿದಿದೆ, ಇನ್ಶೂರೆನ್ಸ್ ಮಿತಿ ದಾಟಿದೆ, ಹೆಂಡತಿ ಸೋತಿದ್ದಾಳೆ. ಇವೆಲ್ಲ ಮನಸ್ಸಿಗೆ ಬರುವುದೇ ಪಾಪ ಅಂತ ನಾನು ಒಪ್ಪಲ್ಲ. ಮನೆ ಮಾರಿ ತನ್ನನ್ನು ಐಸಿಯುನಲ್ಲಿ ಇಡಲಿ ಅಂತ ಬಯಸುವ ಅಪ್ಪಂದಿರು ಎಷ್ಟಿದ್ದಾರೆ? ಆದರೆ ಎರಡನ್ನೂ ಬೇರೆ ಬೇರೆ ಇಟ್ಟು ನೋಡುವ ಪ್ರಾಮಾಣಿಕತೆ ಬೇಕು. ನಾನು ಹಾಕಿಕೊಂಡಿರುವ ಪರೀಕ್ಷೆ ಹೀಗಿದೆ: ದುಡ್ಡೂ ರಜೆಯೂ ಬೇಕಾದಷ್ಟಿದ್ದಿದ್ದರೂ ಇದನ್ನೇ ನಿರ್ಧರಿಸುತ್ತಿದ್ದೆನಾ? ನೆಂಟರು ಯಾರೂ ಏನೂ ಅನ್ನಲ್ಲ ಅಂತ ಗೊತ್ತಿದ್ದರೂ ಚಿಕಿತ್ಸೆ ಮುಂದುವರಿಸುತ್ತಿದ್ದೆನಾ? ಮೊದಲನೆಯದು ಬೇಗ ನಿಲ್ಲಿಸದಂತೆ ಕಾಯುತ್ತೆ, ಎರಡನೆಯದು ತಡವಾಗಿ ನಿಲ್ಲಿಸದಂತೆ ಕಾಯುತ್ತೆ.

ಇನ್ನು ಊಟದ ವಿಷಯ. “ಊಟ ಬಿಟ್ಟಿದ್ದಾರೆ, ಗ್ಲೂಕೋಸ್ ಆದ್ರೂ ಹಾಕ್ಸಿ” ಅನ್ನೋದು ನಮ್ಮ ಕೊನೆಯ ಹೋರಾಟ. ಉಣ್ಣಿಸೋದೇ ನಮಗೆ ಪ್ರೀತಿ, ಅದಕ್ಕೇ ಉಣ್ಣಿಸಲಾಗದಿದ್ದರೆ ಕರುಳು ಕಿವುಚುತ್ತೆ. ಆದರೆ ಕೊನೆಯ ದಿನಗಳಲ್ಲಿ ಅವರು ಊಟ ಬಿಟ್ಟದ್ದರಿಂದ ಸಾಯುತ್ತಿರುವುದಲ್ಲ, ಸಾವು ಹತ್ತಿರವಾದ್ದರಿಂದ ದೇಹ ಊಟ ಬೇಡ ಅನ್ನುತ್ತಿರುತ್ತೆ. ಆಗ ಏರಿಸಿದ ನೀರು ಕಾಲಿನ ಊತವಾಗಿ, ಎದೆಯಲ್ಲಿ ಗೊರಗೊರ ಸದ್ದಾಗಿ ಉಳಿಯಬಹುದು. ಒದ್ದೆ ಹತ್ತಿಯಿಂದ ತುಟಿ ತೇವ ಮಾಡೋದು, ಬಾಯಿ ಶುಚಿ ಮಾಡೋದು, ಆಸೆಪಟ್ಟರೆ ಒಂದು ಚಮಚ ಪಾಯಸ. ಅದೂ ಉಣ್ಣಿಸಿದ ಹಾಗೇ.

ಹಾಸ್ಪೈಸ್ ಅಂದರೆ ಸಾವನ್ನು ಬೇಗ ಕರೆಯೋದು ಅನ್ನುವವರಿಗೆ ಒಂದು ಮಾತು. 2010ರಲ್ಲಿ ಅಮೆರಿಕದಲ್ಲಿ, ದೇಹವೆಲ್ಲ ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಉಪಶಮನ ಆರೈಕೆಯನ್ನೂ ಪಡೆದವರಿಗೆ ಕೊನೆಗಾಲದಲ್ಲಿ ತೀವ್ರ ಚಿಕಿತ್ಸೆ ಕಡಿಮೆ ನಡೆದಿತ್ತು, ಆದರೂ ಅವರು ಬದುಕಿದ್ದು ಸುಮಾರು 11.6 ತಿಂಗಳು. ಉಳಿದವರು ಸುಮಾರು 8.9 ತಿಂಗಳು. ಎಲ್ಲ ಕಾಯಿಲೆಗೂ ಹೀಗೇ ಆಗುತ್ತೆ ಅಂತ ಇದರ ಅರ್ಥವಲ್ಲ. ನೋವು ಕಡಿಮೆ ಮಾಡೋದು ಆಯಸ್ಸು ಕಡಿಮೆ ಮಾಡೋದು ಅನ್ನೋ ಹೆದರಿಕೆಗೆ ಆಧಾರ ಇಲ್ಲ ಅಂತ ಮಾತ್ರ. ಇನ್ನೊಂದು ವಿಷಯವೂ ಇದರಲ್ಲಿದೆ: ಉಪಶಮನ ಆರೈಕೆಗೆ ಚಿಕಿತ್ಸೆ ನಿಲ್ಲುವವರೆಗೆ ಕಾಯಬೇಕಾಗಿಲ್ಲ, ಎರಡೂ ಜೊತೆಜೊತೆಗೆ ಶುರುವಾಗಬಹುದು. ಆಮೇಲೆ ಒಂದು ಹಿಂದೆ ಸರಿದಂತೆ ಇನ್ನೊಂದು ಮುಂದೆ ಬರುತ್ತೆ.

ಕಾನೂನು ಕೂಡ ಈಗ ಈ ಮಾತಿಗೆ ಜಾಗ ಕೊಟ್ಟಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂದಿತು. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ‘ಲಿವಿಂಗ್ ವಿಲ್’ಗೆ ಮಾನ್ಯತೆ ಸಿಕ್ಕಿತು. 2023ರಲ್ಲಿ ವಿಧಾನ ಸರಳವಾಯಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಜೀವ ಹಿಡಿದಿಡುವ ಯಂತ್ರಗಳನ್ನು ತೆಗೆಯುವ ತೀರ್ಮಾನ ಎರಡು ವೈದ್ಯಕೀಯ ಮಂಡಳಿಗಳನ್ನು ದಾಟಿ ಬರಬೇಕು, ಒಬ್ಬ ಮಗನ ಅವಸರಕ್ಕೆ ಬಿಟ್ಟದ್ದಲ್ಲ.

ಆದರೆ ಕಾಗದಕ್ಕಿಂತ ಮೊದಲು ಬೇಕಾದ್ದು ಮಾತು, ಅದು ಐಸಿಯು ಬಾಗಿಲಲ್ಲಿ ಆಡುವಂಥದ್ದಲ್ಲ. ಅಲ್ಲಿಗೆ ಬಂದ ಮೇಲೆ ಕೇಳಬೇಕಾದವರ ಬಾಯಲ್ಲಿ ಟ್ಯೂಬ್ ಇರುತ್ತೆ. ಹಬ್ಬಕ್ಕೆ ಊರಿಗೆ ಹೋದಾಗ, ಊಟ ಆಗಿ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಊರಿನ ಯಾರದೋ ಸಾವಿನ ಸುದ್ದಿ ಬಂದೇ ಬರುತ್ತೆ. ಹಳ್ಳಿಯ ಹಿರಿಯರು ಸಾವಿನ ಬಗ್ಗೆ ಮಾತಾಡೋಕೆ ಹೆದರಲ್ಲ, ಹೆದರೋದು ನಾವು. “ಅನಾಯಾಸವಾಗಿ ಹೋದ್ರೆ ಸಾಕಪ್ಪ” ಅಂತ ಅವರೇ ಹೇಳುತ್ತಾರೆ. ನಾವು “ಬಿಡಿ, ಈಗ್ಯಾಕೆ ಆ ಮಾತು” ಅಂತ ಬಾಯಿ ಮುಚ್ಚಿಸುತ್ತೇವೆ. ಮುಂದಿನ ಸಲ ಮುಚ್ಚಿಸದೆ, “ಅನಾಯಾಸ ಅಂದ್ರೆ ನಿಮಗೆ ಹೇಗಪ್ಪ?” ಅಂತ ಕೇಳಿ, ಹೇಳೋದನ್ನು ಪೂರ್ತಿ ಕೇಳಿಸಿಕೊಂಡರೆ, ‘ಯಾವಾಗ’ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. ಉಳಿದರ್ಧವನ್ನು ಆ ಹೊತ್ತಿನಲ್ಲಿ ವೈದ್ಯರೂ ನಾವೂ ಕೂತು ಹುಡುಕಬಹುದು.